ಭಾವನ ಕಾರಿಗೆ ಬೆಲೆ ಕಟ್ಟಿದ್ದು

ಶ್ರಾವಣ ಮುಗಿಯುತ್ತ ಬಂದಿತ್ತು. ಡೊಂಬಿವಲಿಯಿಂದ ಸ್ವಲ್ಪ ಮುಂದೆ, ಕಲ್ಯಾಣ–ಶಿಳ್ ರಸ್ತೆಯ ಪಕ್ಕದಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುವ ನನ್ನ ಯಾರ್ಡಿಗೆ ಒಂದು ಮಧ್ಯಾಹ್ನ ಭಾವ ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಬಂದರು. ಮಳೆ ನಿಂತಿರಲಿಲ್ಲ. ಕೊಡೆ ಬಿಚ್ಚದೆ ನೆನೆದುಕೊಂಡೇ ಒಳಗೆ ಬಂದು, ಕೀಲಿಯನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡರು.

"ಇದನ್ನೊಂದು ಮಾರಿಕೊಡು ಮಾರಾಯ. ಗಣಪತಿಯ ಒಳಗೆ ಆಗ್ಬೇಕು."

ಭಾವ ಎಂದರೆ ನನ್ನ ಅಕ್ಕನ ಗಂಡ, ಉಡುಪಿ ಕಡೆಯವರು. ತುರ್ಭೆಯ ಕಾರ್ಖಾನೆ ಪ್ರದೇಶದ ಗೇಟಿನೆದುರು ಅವರ ಹೋಟೆಲು. ಬೆಳಿಗ್ಗೆ ಇಡ್ಲಿ, ದೋಸೆ, ಮಧ್ಯಾಹ್ನ ರೈಸ್‌ಪ್ಲೇಟ್. ಮಾಳಿಗೆಯಲ್ಲಿ ಮನೆ. ಜಾಗ ಬಾಡಿಗೆಯದು. ಹಳೆಯ ಮಾಲೀಕ ಇರುವವರೆಗೆ ಎಲ್ಲ ಬಾಯಿಮಾತಿನಲ್ಲೇ ನಡೆದಿತ್ತು. ಆತ ತೀರಿಕೊಂಡ ಮೇಲೆ ಮಕ್ಕಳು ಬಂದು, ದಸರೆಯ ಒಳಗೆ ಹನ್ನೆರಡು ಲಕ್ಷ ಡಿಪಾಸಿಟ್ ಕಟ್ಟಿ ಹೊಸ ಕರಾರು ಮಾಡಿಕೊಳ್ಳಿ, ಇಲ್ಲವಾದರೆ ಖಾಲಿ ಮಾಡಿ, ಮೊಬೈಲ್ ಅಂಗಡಿಯವರು ಕಾಯುತ್ತಿದ್ದಾರೆ ಎಂದಿದ್ದರು. ಅಕ್ಕನ ಬಂಗಾರವೆಲ್ಲ ಐರೋಲಿಯಲ್ಲಿ ತೆರೆದ ಎರಡನೇ ಹೋಟೆಲಿಗೆ ಹೋಗಿತ್ತು. ಬ್ಯಾಂಕು ಸಾಲ ಕೊಡುವುದಿಲ್ಲ ಎಂದಿತ್ತು. ಮಾರಿದರೆ ದುಡ್ಡು ಹುಟ್ಟುವ ವಸ್ತುವೆಂದು ಅವರ ಹತ್ತಿರ ಉಳಿದದ್ದು ಈ ಕಾರು ಒಂದೇ.

ಜರ್ಮನ್ ಕಾರು, ಡೀಸೆಲ್ಲು. ಕಂಪನಿಯ ಹೆಸರು ಇಲ್ಲಿ ಬೇಡ. ಅವರು ಮಾಡುವ ಸೆಡಾನುಗಳಲ್ಲೆಲ್ಲ ಚಿಕ್ಕದು, ಆದರೆ ಮೂತಿಯ ಮೇಲಿನ ಲಾಂಛನ ದೊಡ್ಡ ಕಾರಿನದೇ. ಜನ ದುಡ್ಡು ಕೊಡುವುದೂ ಅದಕ್ಕೇ. ಐರೋಲಿ ಹೋಟೆಲು ತೆರೆದ ಹುರುಪಿನಲ್ಲಿ ಭಾವ ಮೂವತ್ತು ಲಕ್ಷ ಸುರಿದು ಅದನ್ನು ತಂದು ಮೂರು ವರ್ಷವಾಗಿತ್ತು. ಕೊಳ್ಳುವ ಮೊದಲು ನನ್ನನ್ನು ಕೇಳಿರಲಿಲ್ಲ. ಕೇಳಿದರೆ ಬೇಡ ಅನ್ನುತ್ತಾನೆಂದು ಗೊತ್ತಿತ್ತು, ಅದಕ್ಕೇ ಕೇಳಿರಲಿಲ್ಲ.

"ಇಪ್ಪತ್ತು ಬರ್ತದಲ್ಲ?" ಅಂದರು. "ಒಂದೇ ಕೈಯಲ್ಲಿ ಓಡಿದ ಗಾಡಿ. ನಾನು ಬಿಟ್ಟರೆ ಬೇರೆ ಯಾರೂ ಸ್ಟೇರಿಂಗ್ ಮುಟ್ಟಲಿಲ್ಲ."

"ನೋಡ್ತೇನೆ ಭಾವ. ಚಹಾ ಕುಡೀರಿ."

ಅವರು ಚಹಾ ಕುಡಿಯುವಷ್ಟರಲ್ಲಿ ನಾನು ಕಾರಿಗೆ ಒಂದು ಸುತ್ತು ಬಂದೆ. ಮೊದಲು ಚಾಲಕನ ಸೀಟಿನ ಬಲ ಅಂಚನ್ನು ಸವರಿ ನೋಡುತ್ತೇನೆ. ಹತ್ತುವಾಗ ಇಳಿಯುವಾಗ ತೊಡೆ ಉಜ್ಜುವುದು ಅಲ್ಲಿ. ಮೀಟರನ್ನು ತಿರುಗಿಸಿದವನು ಆ ಚರ್ಮವನ್ನು ತಿರುಗಿಸಲಾರ. ಆಮೇಲೆ ಬ್ರೇಕ್ ಪೆಡಲಿನ ರಬ್ಬರು. ಆಮೇಲೆ ನಾಲ್ಕೂ ಟೈರುಗಳ ಮೇಲೆ ಒತ್ತಿರುವ ತಯಾರಿಕೆಯ ವಾರ, ಗಾಜುಗಳ ಮೂಲೆಯ ಸಂಖ್ಯೆ, ಬಾಗಿಲ ರಬ್ಬರಿನ ಹಿಂದಿನ ಬೆಸುಗೆಯ ಚುಕ್ಕಿ. ಡಿಕ್ಕಿಯ ಹಲಗೆ ಎತ್ತಿ ಸ್ಟೆಪ್ನಿಯ ಸುತ್ತಲಿನ ತಗಡಿಗೂ ಟಾರ್ಚು ಬಿಟ್ಟೆ. ಎಲ್ಲ ಕಂಪನಿಯಿಂದ ಬಂದ ಹಾಗೆಯೇ ಇತ್ತು. ಒಳಗೆ ಊದುಬತ್ತಿಯ ವಾಸನೆ ಮಾತ್ರ ವಿಪರೀತ. ಗ್ಲೋವ್ ಬಾಕ್ಸಿನಲ್ಲಿ ಮೂರು ಪೊಟ್ಟಣ ಮಲ್ಲಿಗೆ ಊದುಬತ್ತಿ, ಸೀಟಿನಡಿ ಕರ್ಪೂರದ ಬಿಲ್ಲೆ. ಭಾವ ಹೋಟೆಲಿನ ಗಲ್ಲಾಪೆಟ್ಟಿಗೆಗೂ ಬೆಳಿಗ್ಗೆ ಅರ್ಧ ಪೊಟ್ಟಣ ಊದುಬತ್ತಿ ಹಚ್ಚುವವರು. ನನಗೆ ವಿಶೇಷವೇನೂ ಅನ್ನಿಸಲಿಲ್ಲ.

"ಹದಿನಾಲ್ಕು. ಬಹಳ ಎಳೆದರೆ ಹದಿನೈದು," ಎಂದೆ.

ಭಾವ ಲೋಟ ಕೆಳಗಿಟ್ಟರು. "ತಮಾಷೆ ಮಾಡ್ಬೇಡ ಮಾರಾಯ."

ತಮಾಷೆಯಲ್ಲವೆಂದು ವಿವರಿಸಲು ನೋಡಿದೆ. ಸಾಧಾರಣ ಚಿಕ್ಕ ಕಾರನ್ನು ಹಳೆಯದಾಗಿ ಕೊಳ್ಳುವವರು ಸಾವಿರ ಜನ, ಅದನ್ನು ರಿಪೇರಿ ಮಾಡುವವರು ಗಲ್ಲಿಗೊಬ್ಬರು, ಹಾಗಾಗಿ ಬೆಲೆ ಮೆಲ್ಲನೆ ಇಳಿಯುತ್ತದೆ. ಇಂಥ ಕಾರಿಗೆ ಹಾಗಲ್ಲ. ಇದರ ಸರ್ವೀಸಿನ ಖರ್ಚು ಭರಿಸುವ ಯೋಗ್ಯತೆ ಇರುವವನು ಹೊಸದನ್ನೇ ಕೊಳ್ಳುತ್ತಾನೆ. ಹಳೆಯದನ್ನು ಕೊಳ್ಳಲು ಬರುವವನಿಗೆ ಒಂದು ಹೆಡ್‌ಲೈಟಿನ ಬೆಲೆ ಕೇಳಿದರೆ ಜ್ವರ ಬರುತ್ತದೆ. ಶೋರೂಮಿನ ಗೇಟು ದಾಟುವಾಗಲೇ ಒಂದು ಪಾಲು ಹೋಯಿತು, ಕಂಪನಿಯ ವಾರಂಟಿ ಮುಗಿದ ದಿನ ಇನ್ನೊಂದು ಪಾಲು. ಭಾವನ ಕಾರಿನ ವಾರಂಟಿ ಮುಗಿದು ತಿಂಗಳಾಗಿತ್ತು.

ಭಾವ ಕೇಳಿಸಿಕೊಂಡರು, ಒಪ್ಪಲಿಲ್ಲ. "ನಮ್ಮ ಸಪ್ಲೈಯರ್ ಹುಡುಗನ ಸ್ಕೂಟರ್ ಕೂಡ ಇಷ್ಟು ಇಳಿಯಲಿಲ್ಲ. ನೀನು ಕಾರು ನೋಡಿ ಹೇಳ್ತಿಯೋ, ನನ್ನ ಮುಖ ನೋಡಿ ಹೇಳ್ತಿಯೋ?" ಎಂದು ಎದ್ದುಹೋಗಿ ಶೇರ್ ರಿಕ್ಷಾ ಹತ್ತಿದರು. ಜರ್ಮನ್ ಕಾರಿನಲ್ಲಿ ಬಂದವರು ನಾಲ್ಕನೆಯವರಾಗಿ ರಿಕ್ಷಾದ ಅಂಚಿನಲ್ಲಿ ಕೂತು ಹೋದರು. ಪಾಪ ಅನ್ನಿಸಿತು, ಸಿಟ್ಟೂ ಬಂತು. ಬೆಲೆ ನಾನು ಮಾಡಿದ್ದೇ?

ನೋಟು ರದ್ದಾಗುವುದಕ್ಕೆ ಹಿಂದಿನ ವರ್ಷ ಅದು. ನಮ್ಮ ವ್ಯಾಪಾರದಲ್ಲಿ ಹಳೆಯ ಕಾರಿಗೆ ಅದರ ಧಣಿಯ ಜಾತಕವೂ ಅಂಟಿಕೊಂಡಿರುತ್ತದೆ. ಪಾರ್ಸಿಗಳ ಗಾಡಿ ಎಂದರೆ ಕಣ್ಣುಮುಚ್ಚಿ ಕೊಳ್ಳುವವರಿದ್ದಾರೆ. ಡಾಕ್ಟರ ಗಾಡಿಗೆ ಎರಡನೇ ಮಾನ. ಹೋಟೆಲಿನವರ ಗಾಡಿ ಎಂದರೆ ಗಿರಾಕಿ ಮೂಗು ಮುರಿಯುತ್ತಾನೆ, ತರಕಾರಿ ಹೊತ್ತಿರುತ್ತದೆ ಎಂದು. ನಾನು ಜಾಹೀರಾತಿನಲ್ಲಿ 'ಸಿಂಗಲ್ ಹ್ಯಾಂಡ್, ನವಿ ಮುಂಬಯಿ ನಂಬರ್' ಎಂದಷ್ಟೇ ಹಾಕಿದೆ. ಗಣಪತಿ ಹತ್ತಿರ ಬಂದಾಗ ಠಾಣೆಯ ಘೋಡ್‌ಬಂದರ್ ರಸ್ತೆಯಿಂದ ಒಬ್ಬ ಡಾಕ್ಟರು ಹೆಂಡತಿಯ ಜೊತೆ ಬಂದರು. ನೋಡಿದರು, ಮೆಚ್ಚಿದರು, ಹದಿನಾಲ್ಕೂವರೆಗೆ ಮಾತಾಯಿತು. ಟೋಕನ್ ಎಂದು ಸ್ವಲ್ಪ ಮುಂಗಡ ಕೊಟ್ಟು, ಗಣಪತಿಯ ಮುನ್ನಾದಿನ ಒಂದು ಸುತ್ತು ಓಡಿಸಿ ನೋಡಿ ಒಯ್ಯುತ್ತೇವೆ ಎಂದರು. ನಾನು ಅಕ್ಕನಿಗೆ ಫೋನ್ ಮಾಡಿದೆ. ಅವಳು ಮೂಗು ಸೆಳೆದದ್ದು ಕೇಳಿಸಿತು.

ಆ ದಿನ ಜೋರು ಮಳೆ. ಡಾಕ್ಟರು ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ, ಅವರ ಹೆಂಡತಿ ಹಿಂದೆ. ಶಿಳ್ ಫಾಟಾದ ಕಡೆ ಹೊರಟು ಒಂದೆರಡು ಸಿಗ್ನಲ್ ದಾಟಿರಬೇಕು, ಹಿಂದಿನ ಎಡಗಡೆಯ ಗಾಜು ತನ್ನಷ್ಟಕ್ಕೆ ಕೆಳಗಿಳಿಯಿತು. ಆ ಹೆಂಗಸಿನ ಮಡಿಲಿಗೆ ಮಳೆ. ಗುಂಡಿ ಒತ್ತಿದರೆ ಗಾಜು ಏರಲಿಲ್ಲ, ಡಿಕ್ಕಿ ತೆರೆದುಕೊಂಡಿತು. ಮೀಟರಿನಲ್ಲಿ ಒಂದರ ಹಿಂದೆ ಒಂದು ಹಳದಿ ದೀಪ ಹತ್ತಿದವು. ರಸ್ತೆಯ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದೆವು. ಮತ್ತೆ ಹೊತ್ತಿಕೊಳ್ಳಲಿಲ್ಲ. ಎಸಿ ನಿಂತು, ಒದ್ದೆಯಾದ ಕಾರಿನಲ್ಲಿ ಮಲ್ಲಿಗೆಯ ಕೆಳಗಿನಿಂದ ಇನ್ನೊಂದು ವಾಸನೆ ಮೇಲೆದ್ದಿತು.

"ಕುಛ್ ಖಟ್ಟಾ ಖಟ್ಟಾ ಬಾಸ್ ಆ ರಹಾ ಹೈ," ಅಂದರು ಆಕೆ. ಏನೋ ಹುಳಿ ವಾಸನೆ ಎಂದು. ಮೂಗಿಗೆ ಸೆರಗು ಹಿಡಿದರು.

ಚರ್ಮದ ಸೀಟು ಮಳೆಗಾಲದಲ್ಲಿ ಹಾಗೆ ಎಂದು ನಾನು ಏನೇನೋ ಹೇಳಿದೆ. ಡಾಕ್ಟರು ಮರ್ಯಾದಸ್ಥರು, ಜಗಳವಾಡಲಿಲ್ಲ. ರಿಕ್ಷಾ ಹಿಡಿದು ಹೊರಟರು. ಟೋಕನ್ ವಾಪಸ್ಸು ಕೊಟ್ಟೆ. ಕಾರನ್ನು ಹಗ್ಗ ಕಟ್ಟಿ ಎಳೆಸಿ ತಂದೆ. ಎಲ್ಲರ ಮನೆಗೂ ಗಣಪತಿ ಬಂದ. ನಾನು ಅಕ್ಕನ ಮನೆಯ ಪೂಜೆಗೆ ಹೋಗಲಿಲ್ಲ, ಹೋಗುವ ಮುಖವಿರಲಿಲ್ಲ.

ವಿಠ್ಠಲವಾಡಿಯಿಂದ ಒಬ್ಬ ಎಲೆಕ್ಟ್ರಿಷಿಯನನ್ನು ಕರೆಸಿದೆ. ಅವನು ಲ್ಯಾಪ್‌ಟಾಪ್ ಜೋಡಿಸಿ ದೋಷಗಳನ್ನು ಓದಿದ. ಪರದೆ ತುಂಬಿ ಕೆಳಗೆ ಹರಿಯಿತು. ಅಳಿಸಿದ, ಮರುದಿನ ಎಲ್ಲ ಮರಳಿ ಬಂದವು. ಬ್ಯಾಟರಿ ಅಂದ. ಈ ಕಾರಿನಲ್ಲಿ ಬ್ಯಾಟರಿ ಇರುವುದು ಡಿಕ್ಕಿಯ ನೆಲದಡಿ. ಹೊಸದನ್ನು ತರಿಸಿ ಹಾಕಿದೆವು. ಎರಡು ದಿನ ಚೆನ್ನಾಗಿ ಓಡಿ ಮತ್ತೆ ಗಾಜು ಇಳಿಯಿತು. ಹಿಂದಿನ ದೀಪದ ಸಂದಿಯಿಂದ ಮಳೆನೀರು ಬರುತ್ತಿದೆ ಅಂದ. ಅಂಟು ಬಳಿದ. ಅದೂ ಅಲ್ಲ. ಕೊನೆಗೆ ಅವನಿಗೇ ಬೇಸರ ಬಂದು ಊರಿಗೆ ಹೋಗುತ್ತೇನೆಂದ.

ಒಂದು ಬೆಳಿಗ್ಗೆ ನಾನೇ ಕೂತು ಡಿಕ್ಕಿಯ ಒಳಹೊದಿಕೆಯನ್ನು ಬಿಚ್ಚತೊಡಗಿದೆ. ಎಡಗಡೆಯ ಮೂಲೆಯಲ್ಲಿ, ಚಕ್ರದ ಕಮಾನಿನ ಹಿಂದೆ, ಅಂಗೈಯಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದಿದೆ. ಹಿಂಬದಿಯ ದೀಪ, ಗಾಜು, ಬೀಗ ಎಲ್ಲ ಅದರ ಅಪ್ಪಣೆಯಲ್ಲಿ. ಕಾರು ಪರೀಕ್ಷಿಸುವವರು ಯಾರೂ ಅಲ್ಲಿಯವರೆಗೆ ಬಿಚ್ಚುವುದಿಲ್ಲ. ಆ ಪೆಟ್ಟಿಗೆಯ ಸುತ್ತ ಬಿಳಿಯ ಹೆಕ್ಕಳೆ ಕಟ್ಟಿತ್ತು. ಅದರ ಕೆಳಗೆ ವಯರಿನ ಪಿನ್ನುಗಳು ಹಸಿರುಗಟ್ಟಿದ್ದವು. ಬ್ಯಾಟರಿಯ ಆ್ಯಸಿಡ್ಡು ಸೋರಿದೆ ಎಂದುಕೊಂಡು ಸ್ಕ್ರೂಡ್ರೈವರಿನಿಂದ ಕೆರೆದೆ. ಹೆಕ್ಕಳೆಯ ಜೊತೆ ಒಂದು ಮೆಂತ್ಯದ ಕಾಳು ಉದುರಿತು.

ಮೂಗಿನ ಹತ್ತಿರ ತಂದೆ. ದೋಸೆ ಹಿಟ್ಟು.

ಹಾಗೆಯೇ ನೆಲದ ಮೇಲೆ ಕೂತುಬಿಟ್ಟೆ. ನಗು ಬರಲಿಲ್ಲ. ಈಗ ಯಾರಿಗೆ ಹೇಳಿದರೂ ನಗುತ್ತಾರೆ, ಆವತ್ತು ಆ ಕಾಳನ್ನು ಕಾಗದದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡೆ.

ತುರ್ಭೆಗೆ ಹೋದಾಗ ಊಟದ ಹೊತ್ತು. ಅರ್ಧಕ್ಕರ್ಧ ಮೇಜು ಖಾಲಿ; ಎದುರಿನ ಕಾರ್ಖಾನೆಗಳಲ್ಲಿ ಎರಡು ಮುಚ್ಚಿದ್ದವು. ಅಕ್ಕ ಗಲ್ಲಾದಲ್ಲಿದ್ದಳು. ಮೆಂತ್ಯದ ಕಾಳನ್ನು ಅವಳ ಮುಂದಿಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ಕಾರಲ್ಲಿ ಸಿಕ್ಕಿತಾ?"

"ನಿನಗೆ ಗೊತ್ತಿತ್ತಾ ಅಕ್ಕ?"

ಗೊತ್ತಿತ್ತು. ಟೆಂಪೋದವನು ಬಿಟ್ಟುಹೋದ ಮೇಲೆ, ತುರ್ಭೆಯಲ್ಲಿ ರುಬ್ಬಿದ ಹಿಟ್ಟನ್ನು ದಿನವೂ ಐರೋಲಿಗೆ ಒಯ್ಯುತ್ತಿದ್ದದ್ದು ಭಾವನೇ, ಆ ಕಾರಿನಲ್ಲೇ. ದೊಡ್ಡ ಸ್ಟೀಲ್ ಡಬ್ಬಗಳು. ಮೇ ತಿಂಗಳ ಒಂದು ಬೆಳಿಗ್ಗೆ ಬೇಲಾಪುರ ರಸ್ತೆಯಲ್ಲಿ ಟ್ರಕ್ಕು ಮಗುಚಿ ಗಾಡಿಗಳೆಲ್ಲ ನಿಂತವು. ಬಿಸಿಲಿಗೆ ಮುಚ್ಚಿದ ಡಿಕ್ಕಿ ಕಾದಿತು. ಹಿಟ್ಟಿಗೆ ಇನ್ನೇನು ಬೇಕು? ಹುದುಗಿ, ಉಕ್ಕಿ, ಮುಚ್ಚಳ ಎತ್ತಿಕೊಂಡು ಹೊರಗೆ ಬಂತು.

ಅಷ್ಟರಲ್ಲಿ ಭಾವ ಅಡಿಗೆಮನೆಯಿಂದ ಟವೆಲಿಗೆ ಕೈ ಒರೆಸುತ್ತ ಬಂದರು. ವಿಷಯ ಏನೆಂದು ನನ್ನ ಮುಖ ನೋಡಿಯೇ ತಿಳಿಯಿತು.

"ನಾನೇ ತೊಳೆದೆನಲ್ಲ," ಅಂದರು. "ಪೈಪು ಬಿಟ್ಟು ಚೆಂದ ತೊಳೆದೆ. ಒಂದು ಚೂರು ಉಳಿಯದ ಹಾಗೆ."

"ಪೈಪು ಬಿಟ್ರಾ? ಡಿಕ್ಕಿಯೊಳಗೆ?"

"ಮತ್ತೆಂತ ನೆಕ್ಕಬೇಕಿತ್ತಾ? ಹಿಟ್ಟಲ್ವಾ ಮಾರಾಯ, ನಾವು ತಿನ್ನುವ ವಸ್ತು. ಅದರಿಂದ ಕಾರಿಗೆ ಎಂತ ಆಗ್ತದೆ?"

ಉಕ್ಕಿದ ಹಿಟ್ಟು ಅಲ್ಲೇ ಒಣಗಿದ್ದರೆ ಕೆರೆದು ತೆಗೆಯಬಹುದಿತ್ತೇನೋ. ನೀರು ಬಿಟ್ಟು ಅದನ್ನು ತೆಳ್ಳಗೆ ಮಾಡಿ ಆ ಕಪ್ಪು ಪೆಟ್ಟಿಗೆಯ ಬಾಯಿಗೆ ಹೊಯ್ದಿದ್ದರು. ನಾಲ್ಕು ತಿಂಗಳು ಹುಳಿ ಕೂತು ತಾಮ್ರವನ್ನು ತಿಂದಿತ್ತು. ವಾಸನೆ ಮುಚ್ಚಲು ಮಲ್ಲಿಗೆ ಊದುಬತ್ತಿ.

ಕಂಪನಿಯ ವರ್ಕ್‌ಶಾಪಿನವರು ಹಿಂಬದಿಯ ವಯರಿನ ಜಾಲವನ್ನೇ ಬದಲಿಸಬೇಕೆಂದರು. ನಾಲ್ಕು ಲಕ್ಷದ ಮೇಲೆ. ಸಾಮಾನು ಜರ್ಮನಿಯಿಂದ ಬರಬೇಕು, ದಸರೆಯ ಒಳಗೆ ಭರವಸೆ ಇಲ್ಲ. ವಿಮೆಯ ಸರ್ವೇಯರು ಬಂದು ಮೂಸಿ ನೋಡಿ, ನೆರೆನೀರು ನುಗ್ಗಿದ್ದರೆ ಏನಾದರೂ ಮಾಡಬಹುದಿತ್ತು, ಹಿಟ್ಟು ನುಗ್ಗಿದ್ದಕ್ಕೆ ಪಾಲಿಸಿಯಲ್ಲಿ ಜಾಗವಿಲ್ಲ ಎಂದರು. ಪಿತೃಪಕ್ಷ ಹಿಡಿಯಿತು. ಆ ಹದಿನೈದು ದಿನ ನಮ್ಮ ಕಡೆ ಒಬ್ಬನೂ ಕಾರಿಗೆ ಕೈ ಹಾಕುವುದಿಲ್ಲ. ಯಾರ್ಡಿನಲ್ಲಿ ನೊಣ ಹೊಡೆಯುತ್ತ ಕೂತಿರುತ್ತೇವೆ. ಅದರ ನಡುವೆ ಕಂಪನಿಯವರು ಹಬ್ಬಕ್ಕೆಂದು ಇದೇ ಕಾರಿನ ಅಗ್ಗದ ಮಾದರಿಯೊಂದನ್ನು ಬಿಟ್ಟರು. ಹೊಸದರ ಬೆಲೆ ಇಳಿದ ದಿನ ಹಳೆಯದರ ಬೆಲೆ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಹೋಗಿ ಕೂರುತ್ತದೆ. ನನ್ನ ಲೆಕ್ಕದಲ್ಲಿ ಅದೀಗ ಒಂಬತ್ತರ ಕಾರು. ಕೇಳಿದವರು ಏಳರ ಮೇಲೆ ಬಾಯಿ ಬಿಡಲಿಲ್ಲ. ನಾನೇ ಕೊಡೋಣವೆಂದರೆ ನನ್ನ ದುಡ್ಡೆಲ್ಲ ಯಾರ್ಡಿನಲ್ಲಿ ನಿಂತ ಕಾರುಗಳಲ್ಲೇ ಸಿಕ್ಕಿಕೊಂಡಿತ್ತು.

ಎಲೆಕ್ಟ್ರಿಷಿಯನ್ ಊರಿಗೆ ಹೋಗಿರಲಿಲ್ಲ. ಮತ್ತೆ ಕರೆಸಿ, ಪಿನ್ನುಗಳನ್ನು ಒಂದೊಂದಾಗಿ ಉಜ್ಜಿಸಿ ಬೆಸೆಸಿದೆ. ಪೆಟ್ಟಿಗೆಯನ್ನು ಒಣಗಿಸಿದೆವು. ದೀಪಗಳೆಲ್ಲ ಆರಿದವು, ಗಾಜು ಹೇಳಿದ ಮಾತು ಕೇಳಿತು. ಪಿತೃಪಕ್ಷ ಕಳೆದ ಕೂಡಲೇ ವಾಶಿಯ ದಲ್ಲಾಳಿಯೊಬ್ಬ ಬಂದ. ಇಂಥ ಕಾರುಗಳನ್ನು ಒಟ್ಟು ಮಾಡಿ ಟ್ರೇಲರಿನಲ್ಲಿ ದೂರದ ರಾಜ್ಯಕ್ಕೆ ಸಾಗಿಸುವವನು. ಓಡಿಸಿ ನೋಡಿ, ಹನ್ನೆರಡು ಕೊಡುತ್ತೇನೆ ಎಂದ. ಸರಿಯಾಗಿ ಹನ್ನೆರಡು. ಆದರೆ ವಿದ್ಯುತ್ ಭಾಗದಲ್ಲಿ ಯಾವ ದೋಷವೂ ಇಲ್ಲ, ಯಾವ ರಿಪೇರಿಯೂ ಆಗಿಲ್ಲ ಎಂದು ನನ್ನ ಯಾರ್ಡಿನ ಲೆಟರ್‌ಹೆಡ್ಡಿನಲ್ಲಿ ಬರೆದು ಸಹಿ ಹಾಕಿಕೊಡಬೇಕು. "ಆಪಕಾ ಸೈನ್ ಚಲ್ತಾ ಹೈ, ಸೇಠ್," ಅಂದ. ನನ್ನ ಸಹಿಗೆ ಮಾರ್ಕೆಟ್ಟಿನಲ್ಲಿ ಬೆಲೆ ಉಂಟಂತೆ. ನಾಳೆ ಟ್ರೇಲರ್ ತುಂಬುತ್ತದೆ, ಅಷ್ಟರೊಳಗೆ ಹೇಳಿ ಎಂದು ಹೋದ.

ಸಹಿ ಹಾಕುವ ಮನಸ್ಸಿತ್ತು. ಬರೆದು ಕೂಡ ಇಟ್ಟೆ. ಹಾಕುವ ಮೊದಲು ಇನ್ನೊಂದು ಸಲ ಓಡಿಸಿ ನೋಡೋಣವೆಂದು ಮುಂಬ್ರಾ ಬೈಪಾಸಿಗೆ ಒಯ್ದೆ. ನಿಂತು ನಿಂತು ಹೋಗುವ ಟ್ರಕ್ಕುಗಳ ಸಾಲು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಟ್ರಕ್ಕಿನವನು ಹಾರ್ನು ಬಡಿದು, ಬಂಪರಿಗೆ ತಾಕುವಷ್ಟು ಹತ್ತಿರ ಬಂದು ನಿಂತ. ಇಳಿದು ಬಂದು ಅಮ್ಮ ಅಕ್ಕ ಎಂದೆಲ್ಲ ಬೈದ. ನಿನ್ನ ಬ್ರೇಕ್ ದೀಪವೇ ಹತ್ತುವುದಿಲ್ಲವಲ್ಲೋ ಎಂಬುದು ಆ ಬೈಗುಳದ ಸಾರಾಂಶ. ಅವನನ್ನೇ ಹಿಂದೆ ನಿಲ್ಲಿಸಿ, ನೋಡಿ ಹೇಳು ಎಂದೆ. ನಾಲ್ಕು ಸಲ ಒತ್ತಿದರೆ ಮೂರು ಸಲ ಹತ್ತುತ್ತಿತ್ತು.

ಯಾರ್ಡಿಗೆ ಮರಳಿದಾಗ ಭಾವ, ಅಕ್ಕ ಇಬ್ಬರೂ ಬಂದು ಕಾಯುತ್ತಿದ್ದರು. ದಲ್ಲಾಳಿಯ ಮಾತನ್ನು ಬೆಳಿಗ್ಗೆ ನಾನೇ ಫೋನಿನಲ್ಲಿ ಹೇಳಿದ್ದೆ. ಬ್ರೇಕ್ ದೀಪದ ಕಥೆಯನ್ನೂ ಹೇಳಿದೆ. ಹಿಂಬದಿಯ ದೀಪಗಳಿಗೆ ಸಾದಾ ವಯರ್ ಎಳೆದು, ಕಪ್ಪು ಪೆಟ್ಟಿಗೆಯನ್ನು ಬಿಟ್ಟು ನೇರ ಜೋಡಿಸಿದರೆ ಅಪಾಯವಿರುವುದಿಲ್ಲ. ಆದರೆ ಹಾಗೆ ಮಾಡಿದ ಕಾರನ್ನು ದಲ್ಲಾಳಿ ಕೊಳ್ಳುವುದಿಲ್ಲ, ಯಾರೂ ಕೊಳ್ಳುವುದಿಲ್ಲ.

"ಕೊಂಡವನು ಅಲ್ಲಿ ರಿಪೇರಿ ಮಾಡಿಸಿಕೊಳ್ತಾನೆ," ಅಂದರು ಭಾವ.

"ದೋಷ ಉಂಟು ಅಂತ ಗೊತ್ತಿದ್ರೆ ಮಾಡಿಸ್ತಾನೆ ಭಾವ. ಇಲ್ಲ ಅಂತ ನಾನು ಬರೆದುಕೊಡಬೇಕಲ್ಲ."

"ನಿನ್ನ ಒಂದು ಸಹಿ ಮಾರಾಯ. ನಾನು ಕಾಲು ಹಿಡಿಯಬೇಕಾ?"

ಅವರು ಬಗ್ಗಲೂ ಬಗ್ಗಿದರು. ಅಕ್ಕ ಅವರ ಅಂಗಿ ಹಿಡಿದೆಳೆದು ಕೂರಿಸಿದಳು. ಅವಳು ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹಾಕಿಬಿಡುತ್ತಿದ್ದೆನೋ ಏನೋ. ಬರೆದಿಟ್ಟಿದ್ದನ್ನು ಹರಿದೆ. ಹರಿಯುವಾಗ ಹೆಮ್ಮೆಯೇನೂ ಆಗಲಿಲ್ಲ, ಅಳು ಬಂತು. ಟ್ರಕ್ಕಿನವನು ಎದುರಿಗೆ ನಿಂತು ಬೈದಿರದಿದ್ದರೆ ಆ ಹೊತ್ತಿಗೆ ದುಡ್ಡು ಭಾವನ ಜೇಬಿನಲ್ಲಿರುತ್ತಿತ್ತು.

ಉಳಿದದ್ದು ಒಂದೇ ದಾರಿ. ಕಲ್ಯಾಣದಲ್ಲಿ ಕುಂದಾಪುರ ಕಡೆಯ ಹೋಟೆಲ್ ಮಾಲೀಕರೊಬ್ಬರಿದ್ದರು. ಕಲ್ಯಾಣ, ಡೊಂಬಿವಲಿ ಸೇರಿ ನಾಲ್ಕು ಹೋಟೆಲು. ಹಿಂದಿನ ದೀಪಾವಳಿಗೆ ಇಂಥದೊಂದು ಕಾರು ನೋಡಿಡಿ ಎಂದಿದ್ದರು. ಫೋನ್ ಮಾಡಿ, ಉಕ್ಕಿದ ಹಿಟ್ಟೊಂದನ್ನು ಬಿಟ್ಟು ಉಳಿದ ದೋಷವನ್ನೆಲ್ಲ ಹೇಳಿ, ಒಂಬತ್ತಕ್ಕೆ ತೆಗೆದುಕೊಳ್ಳಿ ಎಂದೆ. ಕಡಿಮೆ ಬೀಳುವ ಮೂರನ್ನು ಆಮೇಲೆ ನೋಡಿಕೊಳ್ಳೋಣವೆಂದುಕೊಂಡೆ. ಹಿಟ್ಟಿನ ವಿಷಯವನ್ನು ಎದುರಿಗೇ ಹೇಳೋಣವೆಂದುಕೊಂಡಿದ್ದೆ. ಮರುದಿನವೇ ಬಂದರು. ಬಿಳಿ ಪಂಚೆ, ಹವಾಯಿ ಚಪ್ಪಲಿ. ಚಾಲಕನ ಸೀಟಿನಲ್ಲಿ ಕೂತರು.

"ಹ್ವಾಯ್, ಬಾಗ್ಲ್ ಹಾಕಿ ಕಾಂಬ," ಅಂದರು. ಬಾಗಿಲು ಹಾಕಿದೆ. ಕಣ್ಣು ಮುಚ್ಚಿ ಎರಡು ಸಲ ಉಸಿರೆಳೆದರು. ಇಳಿದು ಬಂದು ನನ್ನ ಮುಖ ನೋಡಿದರು.

"ಇದ್ ಹಿಟ್ಟಲ್ದಾ? ಮೆಂತಿ ಹಾಕಿ ರುಬ್ಬಿದ್ದ್."

"ಹೌದು. ಹೇಳ್ಬೇಕೂಂತಲೇ ಇದ್ದೆ."

"ಯಾರ್ದ್?"

ಹೇಳಿದೆ. ಎಂಜಿನ್ನಿನ ಬಗ್ಗೆ ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬೇರೆಯೇ ಕೇಳತೊಡಗಿದರು. ದಿನಕ್ಕೆ ಎಷ್ಟು ಡಬ್ಬ ರುಬ್ಬುತ್ತಾರೆ? ಕಲ್ಲಿನ ಗ್ರೈಂಡರೋ ಬೇರೆಯೋ? ಹದ ನೋಡುವವರು ಯಾರು, ಭಟ್ಟರೋ ಮನೆಯವರೋ? ನನಗೆ ರೇಗಿತು. ನಾನು ಕಾರು ಮಾರಲು ಕೂತಿದ್ದೇನೆ, ಇವರು ಹಿಟ್ಟಿನ ವಿಚಾರಣೆ ನಡೆಸುತ್ತಿದ್ದಾರೆ! ಹದ ನೋಡುವುದು ನನ್ನ ಅಕ್ಕ ಎಂದೆ. "ಹಂಗಾರೆ ಹ್ವಾಪ, ತುರ್ಭೆಗೆ," ಎಂದು ಪಂಚೆ ಎತ್ತಿಕಟ್ಟಿದರು.

ತುರ್ಭೆಯಲ್ಲಿ ಅವರು ಒಂದು ಖಾಲಿ ದೋಸೆ ತಿಂದರು, ಚಟ್ನಿ ಮುಟ್ಟದೆ. ಅಡಿಗೆಮನೆಗೆ ಹೋಗಿ ಡಬ್ಬದ ಮುಚ್ಚಳ ತೆಗೆದು ನೋಡಿದರು. ಆಮೇಲೆ ಮೂಲೆಯ ಮೇಜಿನಲ್ಲಿ ಭಾವನನ್ನು, ಅಕ್ಕನನ್ನು ಎದುರು ಕೂರಿಸಿಕೊಂಡು ಹೇಳಿದರು. ಅವರ ನಾಲ್ಕು ಹೋಟೆಲುಗಳಲ್ಲಿ ನಾಲ್ಕು ಬಗೆಯ ದೋಸೆ, ರುಬ್ಬುವವರು ನಿಲ್ಲುವುದಿಲ್ಲ. ಜಾಗದ ಡಿಪಾಸಿಟ್ ಅವರೇ ಕಟ್ಟುತ್ತಾರೆ. ಕರಾರು ಅವರ ಹೆಸರಿಗೆ, ಹೋಟೆಲು ಅವರದು, ಬೋರ್ಡು ಅವರದು. ಐರೋಲಿಯದನ್ನು ಮುಚ್ಚಬೇಕು. ಹಿಂದಿನ ಗ್ರೈಂಡರ್ ಕೋಣೆ ಮತ್ತು ಮಾಳಿಗೆಯ ಮನೆ ಅಕ್ಕ-ಭಾವನಿಗೆ. ಎಲ್ಲ ಹೋಟೆಲುಗಳಿಗೂ ದಿನವೂ ಹಿಟ್ಟು ಮಾಡಿ ಮುಟ್ಟಿಸಬೇಕು, ಡಬ್ಬಕ್ಕಿಷ್ಟು ಎಂದು.

ಭಾವ ಬಹಳ ಹೊತ್ತು ಮೇಜು ಒರೆಸಿದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ಕಾರು?" ಅಂದರು ಕೊನೆಗೆ. "ಕಾರು ಬೇಡವಾ ನಿಮಗೆ?"

"ಕಾರ್ ನಿಮ್ಗೇ ಇರ್ಲಿ ಮಾರ್ರೆ. ಹಿಟ್ಟ್ ತಪ್ಪುಕೆ ಬೇಕಲ್ದಾ?"

ಹಿಟ್ಟು ತರಲು ಬೇಕಲ್ಲವೇ ಎಂದದ್ದನ್ನು ಕಲ್ಯಾಣದವರು ಕುಹಕವಾಗಿ ಹೇಳಲಿಲ್ಲ. ಆದರೂ ಭಾವ ತಲೆ ಎತ್ತಲಿಲ್ಲ. ಆಯ್ತು ಅಂದದ್ದು ಅಕ್ಕ. ಅಂದವಳು ಎದ್ದು ಹೋಗಿ, ಎಂದಿನಂತೆ ಗಲ್ಲಾದ ಕುರ್ಚಿಯಲ್ಲಿ ಕೂರಲು ಹೊರಟು, ಅದರ ಬೆನ್ನು ಹಿಡಿದು ನಿಂತುಕೊಂಡಳು.

ದಸರೆಯ ಹಿಂದಿನ ದಿನ ಬೋರ್ಡು ಇಳಿಸಿದರು. ಏಣಿ ಹಿಡಿದುಕೊಳ್ಳಲು ನಾನು ಹೋಗಿದ್ದೆ. ಅಕ್ಕ ಕೆಳಗೆ ನನ್ನ ಪಕ್ಕದಲ್ಲಿ ನಿಂತು ಮೇಲೆ ನೋಡುತ್ತಲೇ ಹೇಳಿದಳು: "ನೀನು ಸಹಿ ಹಾಕಿದ್ದರೆ ಇದು ಅಲ್ಲೇ ಇರ್ತಿತ್ತು."

"ಇರ್ತಿತ್ತು ಅಕ್ಕ."

"ಹ್ಞೂ," ಅಂದಳು. ನಾನು ಮಾಡಿದ್ದು ಸರಿ ಎಂದು ಅವಳು ಅವತ್ತೂ ಹೇಳಲಿಲ್ಲ, ಈವತ್ತಿನವರೆಗೂ ಹೇಳಿಲ್ಲ.

ಕಾರಿನ ಹಿಂಬದಿಯ ದೀಪಗಳಿಗೆ ಸಾದಾ ಕೆಂಪು ವಯರ್ ಎಳೆಸಿ ನೇರ ಜೋಡಿಸಿದೆ. ಕಂಪನಿಯವರು ನೋಡಿದರೆ ಎದೆ ಒಡೆದುಕೊಳ್ಳುತ್ತಿದ್ದರು. ಸಾವಿರ ಸಲ ಒತ್ತಿದರೂ ಬ್ರೇಕ್ ದೀಪ ಹತ್ತುತ್ತದೆ. ಆ ವಯರ್ ಎಳೆದ ದಿನ ಅದು ಮಾರುವ ಕಾರಾಗಿ ಉಳಿಯಲಿಲ್ಲ. ಡಿಕ್ಕಿಗೆ ದಪ್ಪ ಟಾರ್ಪಾಲು ಹೊಲಿಸಿ ಹಾಸಿಕೊಟ್ಟೆ. ಡಬ್ಬಗಳ ಮುಚ್ಚಳ ಬಿಗಿಯಲು ಹಳೆಯ ಸೈಕಲ್ ಟ್ಯೂಬು ಕತ್ತರಿಸಿಕೊಟ್ಟೆ.

ತುರ್ಭೆಯಿಂದ ಕಲ್ಯಾಣಕ್ಕೆ ದಾರಿ ಮಹಾಪೆ, ಶಿಳ್ ಫಾಟಾ ದಾಟಿ ನನ್ನ ಯಾರ್ಡಿನ ಮುಂದೆಯೇ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೊದಲ ಸಲ ನನ್ನ ಗೇಟಿನಲ್ಲಿ ನಿಲ್ಲಿಸಿದರು. ಬಾನೆಟ್ಟಿನ ಮೇಲೆ ದಸರೆಯ ಕುಂಕುಮ ಇನ್ನೂ ಇತ್ತು. ಭಾವ ಸ್ಟೇರಿಂಗಿನಲ್ಲಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಡಿಕ್ಕಿಯಲ್ಲಿ ಹಿಡಿಯದ ಎರಡು ಡಬ್ಬಗಳು ಹಿಂದಿನ ಸೀಟಿನಲ್ಲಿ, ಅವುಗಳ ನಡುವೆ ಅಕ್ಕ. ಆ ಡಬ್ಬಗಳಿಗೆ ಟ್ಯೂಬು ಸಾಲದೆ ಬಂದಿತ್ತೇನೋ, ಎರಡೂ ಮುಚ್ಚಳಗಳ ಮೇಲೆ ಒಂದೊಂದು ಅಂಗೈ ಒತ್ತಿ ಹಿಡಿದು ಕೂತಿದ್ದಳು. ತುರ್ಭೆಯಿಂದಲೂ ಹಾಗೇ ಬಂದಿದ್ದಳು, ಕಲ್ಯಾಣದವರೆಗೂ ಹಾಗೇ ಹೋಗಬೇಕು.

ಭಾವ ಗಾಜು ಇಳಿಸಿದರು. ಒಳಗಿನಿಂದ ಹಿಟ್ಟಿನ ವಾಸನೆ ಬಂತು, ಊದುಬತ್ತಿ ಇರಲಿಲ್ಲ. ಸ್ಟೇರಿಂಗನ್ನು ಒಮ್ಮೆ ಸವರಿ, ತಮಾಷೆಗೆ ಕೇಳುವವರಂತೆ ಕೇಳಿದರು.

"ಈಗ ಮಾರಿದ್ರೆ ಎಷ್ಟು ಬರ್ತದೆ ಮಾರಾಯ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅಕ್ಕ ಅಂದಳು:

"ಅವನನ್ನು ಕೇಳ್ಬೇಡಿ. ನಿಜ ಹೇಳಿಬಿಡ್ತಾನೆ."